ದ್ಯಾಮವ್ವ ಮುಂದಿನ ಸೀಟಿಗೆ ಬಂದ ದಿನ

ದ್ಯಾಮವ್ವನನ್ನು ನಂಬಿದ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಕಲಘಟಗಿ ಹತ್ತಿರದ ತಂಬೂರು ಊರಿನ ನೀಲವ್ವ ಮಾಡುವ ಶರಣು. ಬೇಡಿಕೊಂಡು ಪಡೆದವರ ಅನುಭವವನ್ನು ನೀವು ಬಹಳ ಕೇಳಿದ್ದೀರಿ. ನಾನು ಜಗಳವಾಡಿ ಪಡೆದವಳು. ಅದನ್ನು ಮುಚ್ಚಿಟ್ಟು ಬರೆಯಲು ನನಗೆ ಬರುವುದಿಲ್ಲ.

ನನ್ನ ಎಡಗಾಲು ಮೊಣಕಾಲಿನಿಂದ ಕೆಳಗೆ ಇಲ್ಲ. ಕಬ್ಬಿನ ಟ್ರಾಲಿ ಹಾಯ್ದು ಹೋಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಕಾಲು ಬಿಟ್ಟು ಜೀವ ಉಳಿಸಿಕೊಂಡು ಬಂದೆ. ಕಟ್ಟುಗಾಲು ಹಾಕಿಕೊಂಡು ಓಡಾಡುವಂತಾದ ಮೇಲೆ ನಾನೂ ನನ್ನ ಗಂಡ ಮಲ್ಲಪ್ಪನೂ ಒಂದು ಹಳೆಯ ಪಿಕಪ್ ಗಾಡಿ ಕೊಂಡೆವು. ಅದು ಆಟೋಮ್ಯಾಟಿಕ್. ಗೇರು ತಾನೇ ಬದಲಾಗುತ್ತದೆ, ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಮಲ್ಲಪ್ಪನಿಗೆ ಗಾಡಿ ಹೊಡೆಯಲು ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ. ಹೊಡೆಯುವವಳು ನಾನೇ. ಮುಂಜಾನೆ ಹಾಲಿನ ಕ್ಯಾನು, ಆಮೇಲೆ ಕಲಘಟಗಿಯ ಬಣ್ಣದ ತೊಟ್ಟಿಲುಗಳನ್ನು ಊರೂರಿಗೆ ಮುಟ್ಟಿಸುವುದು.

ಕಳೆದ ಬೇಸಿಗೆಯಲ್ಲಿ ಅದರ ಗೇರ್‌ಬಾಕ್ಸ್ ಕೈಕೊಟ್ಟಿತು. ಮೊದಲು ಹಿಂದಕ್ಕೆ ಹೋಗುವುದು ನಿಂತಿತು, ಆಮೇಲೆ ಮುಂದಕ್ಕೂ. ಗಂಡನ ಅಣ್ಣ, ನಮ್ಮ ಫಕ್ಕೀರಪ್ಪ ಭಾವ, ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟರು.

"ಇದನ್ನ ತಗದು ಸಾದಾ ಗೇರ್ ಹಾಕಸ್ರಿ. ನನ್ನ ಅಳಿಯಾ ಗಾಡಿ ಹೊಡಿತಾನ. ನೀಲವ್ವ ಮನ್ಯಾಗ ಆರಾಮ ಕುಂದ್ರಲಿ."

ಆರಾಮವಂತೆ! ಕಾಲು ಹೋದ ಹೊಸದರಲ್ಲಿ ಆ ಆರಾಮವನ್ನು ಹೊಟ್ಟೆ ತುಂಬ ಉಂಡಿದ್ದೇನೆ. ಗೋಡೆ ನೋಡುತ್ತ ಕೂರುವುದು, ಬಂದವರೆಲ್ಲ ಪಾಪ ಪಾಪ ಎನ್ನುವುದು. ಮತ್ತೆ ಅಲ್ಲಿಗೆ ಹೋಗಿ ಕೂರಲು ನಾನು ತಯಾರಿರಲಿಲ್ಲ.

ಕಲಘಟಗಿಯ ಗಾಡಿ ಮೇಸ್ತ್ರಿ ಮಾಬೂಸಾಬ್ ಕಾಕಾ ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನೆಲ್ಲ ತಿರುಗಿ, ಇಂಥದೇ ಗಾಡಿಯಿಂದ ಬಿಚ್ಚಿದ ಗೇರ್‌ಬಾಕ್ಸ್ ಹುಡುಕಿ ತಂದರು. ಅವರು ಅದನ್ನು ಕೂರಿಸುತ್ತಿರುವಾಗ ನಾನು ಹರಕೆ ಹೊತ್ತೆ. "ಯವ್ವಾ ದ್ಯಾಮವ್ವಾ, ಇದು ನಡೀಲಿ. ನಿನ್ನ ಹಿತ್ತಾಳಿ ಮಾರಿ ಮಾಡಿಸಿ ಗಾಡಿ ಮುಂದ ಕುಂಡ್ರಸ್ತೀನಿ." ಗಾಡಿ ನಡೆಯಿತು. ನಾನೂ ಮಾತು ಉಳಿಸಿಕೊಂಡೆ. ಮೊರದಷ್ಟು ಅಗಲದ ಹಿತ್ತಾಳೆಯ ಮುಖ ಮಾಡಿಸಿ, ಮುಂದಿನ ಜಾಲರಿಗೆ ಬೋಲ್ಟು ಹಾಕಿ ಬಿಗಿಸಿ, ಕಾಯಿ ಒಡೆದೆ.

ಮರುದಿನದಿಂದಲೇ ಕಾಟ ಶುರುವಾಯಿತು. ತಣ್ಣಗಿದ್ದಾಗ ಬಂಗಾರದಂಥ ಗಾಡಿ. ಭಾರ ಹೇರಿ ಸ್ವಲ್ಪ ದೂರ ಹೋದರೆ ಸಾಕು, ಇಂಜಿನ್ ಒದರುತ್ತದೆ, ಗಾಲಿ ಎಳೆಯುವುದಿಲ್ಲ. ಬದಿಗೆ ನಿಲ್ಲಿಸಿ ಆರಲು ಬಿಟ್ಟರೆ ಮತ್ತೆ ಒಂದಿಷ್ಟು ದೂರ ಹೋಗಿ ಅದೇ ಹಾಡು. ಮಾಬೂಸಾಬ್ ಕಾಕಾ ಗೇರಿನ ಎಣ್ಣೆ ನೋಡಿದರು, ಮಟ್ಟ ಸರಿ ಇತ್ತು. ಆದರೂ ಎಣ್ಣೆ ಬದಲಿಸಿದರು, ಫಿಲ್ಟರ್ ಬದಲಿಸಿದರು, ಗೇರಿನ ಕೇಬಲ್ ಬಿಗಿ ಮಾಡಿದರು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ತನ್ನ ಜಾಗ ಬಿಟ್ಟು ಅಲುಗಿರಲಿಲ್ಲ. ಕೊನೆಗೆ ಅವರೂ ಕೈಚೆಲ್ಲಿದರು.

"ಮಾಲ ಸವದದ್ದ ಬಂದೈತೋ ಏನೋ ಯವ್ವಾ. ಒಳಗ ಹೊಕ್ಕು ನೋಡಿದವ್ರು ಯಾರು?"

ಗುಡಿಗೆ ಹೋಗಿ ಅತ್ತೆ, ಸುಳ್ಳೇಕೆ ಹೇಳಲಿ. ಮಂಗಳವಾರ, ಶುಕ್ರವಾರ ಬಿಡದೆ ಉಡಿ ತುಂಬಿದೆ. ಆಕೆ ಪಿಳಿಪಿಳಿ ನೋಡಿದಳೇ ಹೊರತು ತುಟಿ ಬಿಚ್ಚಲಿಲ್ಲ.

ಆಗ ಕುಬಿಹಾಳಕ್ಕೆ ಒಂದು ತೊಟ್ಟಿಲು ಮುಟ್ಟಿಸುವ ಕೆಲಸ ಬಂತು. ಅಲ್ಲಿಯ ಒಂದು ಮನೆಯ ಸೊಸೆಗೆ ಚೊಚ್ಚಲ ಹೆಣ್ಣು ಕೂಸು. ತೊಟ್ಟಿಲು ತವರಿನಿಂದಲೇ ಹೋಗಬೇಕು, ಸಂಜೆ ಹೆಸರಿಡುವ ಹೊತ್ತಿಗೆ ಅಲ್ಲಿರಬೇಕು. ಮಲ್ಲಪ್ಪನನ್ನು ಕರೆದುಕೊಂಡು ನಾನು ಹೊರಟಾಗ ಭಾವ ಗಾಡಿಗೆ ಅಡ್ಡ ನಿಂತರು.

"ಇದು ಕುಬಿಹಾಳ ಮುಟ್ಟಿದ್ರ ನಾ ಈ ಜನ್ಮದಾಗ ಚಾವಿ ಕೇಳೂದುಲ್ಲ. ಮುಟ್ಟಲಿಲ್ಲಂದ್ರ ನಾಳೆ ಚಾವಿ ನನ್ನ ಕೈಯಾಗ ಇರಬೇಕು."

"ಆತ್ರಿ ಭಾವಾರ," ಎಂದು ಗಾಡಿ ಬಿಟ್ಟೆ. ಸಿಟ್ಟಿನಲ್ಲಿ ಹೇಳಿದ್ದು, ಗಾಡಿಯ ಮೇಲೆ ನನಗೂ ನಂಬಿಕೆ ಇರಲಿಲ್ಲ.

ಹುಬ್ಬಳ್ಳಿಗೆ ಹೋಗುವ ದಾರಿಯ ಏರಿನಲ್ಲಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ, ಗಾಡಿ ನಿಂತಿತು. "ಬ್ಯಾರೆ ಗಾಡಿ ಕರಸೂಣು," ಎಂದ ಮಲ್ಲಪ್ಪ. ಬಸ್ಸಿನ ಕಿಟಕಿಯಿಂದ ಜನ ನಮ್ಮನ್ನು ನೋಡುತ್ತ ಹೋದರು. ನಾನು ಇಳಿದು ಮುಂದೆ ಬಂದೆ. ಅಲ್ಲಿ ದ್ಯಾಮವ್ವ ಬಿಸಿಲಿಗೆ ಫಳಫಳ ಹೊಳೆಯುತ್ತ ನಗುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು.

"ಏನ ನಗತಿ ಬೇ ಯವ್ವಾ? ನಾ ಹಿಂದ ಕುಂತು ಸಾಯಾಕತ್ತೀನಿ, ನೀ ಮುಂದ ಕುಂತು ದಾರಿ ನೋಡಾಕತ್ತಿ. ಒಮ್ಮೆರ ಹೊಳ್ಳಿ ನೋಡಿಯೇನು? ಬಾ, ಒಳಗ ಬಂದು ನನ್ನ ಬಾಜು ಕುಂದ್ರು. ನನ್ನ ತ್ರಾಸು ಏನೈತಿ ಕಣ್ಣಾರೆ ನೋಡು!"

ಪಾನಾ ತೆಗೆದು ಬೋಲ್ಟು ಬಿಚ್ಚತೊಡಗಿದೆ. ಮಲ್ಲಪ್ಪ ಹೌಹಾರಿದ.

"ಏ ಹುಚ್ಚಿ, ದೇವರಿಗೆ ಪಾನಾ ಹಾಕ್ತಿ? ಕೈಕಾಲು ಹೋದಾವು..." ಎಂದವನು ನನ್ನ ಕಾಲು ನೋಡಿ ಬಾಯಿ ಮುಚ್ಚಿಕೊಂಡ.

"ಹೋಗೂದೇನ ಉಳದೈತಿ? ಹಿಡಿ ಈ ಕಡೆ."

ಆಕೆಯನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆ. ಮಲ್ಲಪ್ಪ ಹಿಂದೆ ಹತ್ತಿ ತೊಟ್ಟಿಲು ಹಿಡಿದು ಕೂತ. ಅಷ್ಟೊತ್ತಿಗೆ ಗಾಡಿ ಆರಿತ್ತು, ಹೊರಟಿತು. ಏರು ಮುಗಿಯುವುದರೊಳಗೆ ಮತ್ತೆ ಕೈಕೊಡುತ್ತದೆಂದು ಹಲ್ಲು ಕಚ್ಚಿ ಕೂತೆ. ಕೊಡಲಿಲ್ಲ. ಹುಬ್ಬಳ್ಳಿಯ ಗದ್ದಲ ದಾಟಿತು, ಕುಂದಗೋಳ ದಾಟಿತು. ಒಮ್ಮೆಯೂ ಸೋಲಲಿಲ್ಲ. ಕುಬಿಹಾಳದಲ್ಲಿ ಹೆಣ್ಣುಮಕ್ಕಳು ತೊಟ್ಟಿಲಿಗೆ ಆರತಿ ತಂದಾಗ, "ಮದಲ ಈ ಸೀಟಿಗೆ ಮಾಡ್ರಿ," ಎಂದೆ. ಅವರು ಬೆಳಗುವಾಗ ಸ್ಟೇರಿಂಗ್ ಮೇಲೆ ತಲೆಯಿಟ್ಟು ಗಳಗಳನೆ ಅತ್ತುಬಿಟ್ಟೆ.

ಮರುದಿನ ಮಾಬೂಸಾಬ್ ಕಾಕಾ ಬಂದು, ಹಿತ್ತಾಳೆಯ ಮುಖವಿದ್ದ ಜಾಗದ ಹಿಂದೆ ಕೈಯಿಟ್ಟು ನೋಡಿ, ಹಣೆ ಹಣೆ ಬಡಿದುಕೊಂಡರು.

"ಗೇರಿನ ಎಣ್ಣಿ ಇಲ್ಲೇ, ಈ ಸಣ್ಣ ಕೊಳವ್ಯಾಗ ಬಂದು ಗಾಳಿಗೆ ಆರಬೇಕವ್ವಾ. ಅಡ್ಡ ಹಿತ್ತಾಳಿ ಇತ್ತು, ಗಾಳಿ ಎಲ್ಲಿಂದ ಬರಬೇಕು? ಎಣ್ಣಿ ಕಾದು ತೆಳ್ಳಗಾದ್ರ ಗೇರ್ ಹಿಡಿಯೂದುಲ್ಲ, ಜಾರೂದ. ದೇವರು ಕುಂತದ್ದು ಅಂತ ನಾ ಅಲ್ಲಿ ಕೈ ಹಚ್ಚಲೇ ಇಲ್ಲ."

ಭಾವನಿಗೆ ಇಷ್ಟೇ ಸಾಕಾಯಿತು. "ಅಂದ್ರ ಗಾಳಿ ಆಟ. ದ್ಯಾಮವ್ವ ಏನ ಮಾಡಿದ್ಲು?"

ಹೌದು, ಗಾಳಿಯೇ. ನಾನು ಇಲ್ಲವೆನ್ನುವುದಿಲ್ಲ. ಆದರೆ ಗೇರ್‌ಬಾಕ್ಸ್ ಬಿಚ್ಚಿ ನೋಡುವ ಧೈರ್ಯ ಎಲ್ಲರಿಗೂ ಇತ್ತು, ಆಕೆಯನ್ನು ಮುಟ್ಟುವ ಧೈರ್ಯ ಯಾರಿಗಿತ್ತು? ಆ ಏರಿನಲ್ಲಿ ನನ್ನ ಸಿಟ್ಟು ಎಬ್ಬಿಸಿ, ಕೈಗೆ ಪಾನಾ ಕೊಟ್ಟು, ತನ್ನನ್ನು ತಾನೇ ಬಿಚ್ಚಿಸಿಕೊಂಡವಳು ದ್ಯಾಮವ್ವ. ಯಾರು ನಕ್ಕರೂ ನನ್ನ ನಂಬಿಕೆ ಇದೇ. ತಾಯಿ, ಬೈದವಳ ಮಾತನ್ನೂ ಕೇಳಿದೆಯಲ್ಲ, ನಿನ್ನ ಋಣ ನನ್ನ ತಲೆಯ ಮೇಲಿರಲಿ.

ದೇವರನ್ನು ಮತ್ತೆ ಮುಂದೆಯೇ ಕೂರಿಸಬೇಕೆಂದು ಊರ ಹಿರಿಯರು ಹೇಳಿದರು. ಕೇಳಲಿಲ್ಲ. ಆಕೆ ಈಗ ಒಳಗೇ ಇದ್ದಾಳೆ, ನನ್ನ ಎಡಕ್ಕೆ. ಭಾವ ಚಾವಿಯ ಮಾತು ಎತ್ತಿಲ್ಲ. ಮೊನ್ನೆ ಬಸ್ಸು ತಪ್ಪಿ, ಕಲಘಟಗಿಗೆ ಬರುತ್ತೇನೆಂದು ಬಂದು ಮುಂದಿನ ಬಾಗಿಲಿಗೆ ಕೈ ಹಾಕಿದರು.

"ಅಲ್ಲಿ ಜಾಗಾ ಇಲ್ರಿ ಭಾವಾರ," ಎಂದೆ. "ಹಿಂದ ಹಾಲಿನ ಕ್ಯಾನ್ ಬಾಜು ಕುಂದರ್ರಿ. ಗಟ್ಟಿ ಹಿಡ್ಕೋರಿ, ನಾ ಜೋರ ಹೊಡಿತೀನಿ."