ಬಾಳೆ ಎಲೆಯ ಮೇಲಿನ ಟ್ಯಾಂಕುಗಳು

ನನ್ನ ವಯಸ್ಸಿನವರು ನಂಜನಗೂಡಿನಲ್ಲಿ ಸೈಟು ಕೊಳ್ಳುತ್ತಾರೆ, ಮನೆಯ ಮೇಲೆ ಮನೆ ಎತ್ತುತ್ತಾರೆ. ನಾನು ಯುದ್ಧದ ಟ್ಯಾಂಕು ಕಟ್ಟುತ್ತೇನೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡವು. ರೆಡಿಮೇಡ್ ಕಿಟ್ ತರಿಸಿ ಅಂಟಿಸುವವರಿದ್ದಾರೆ. ನನಗದು ಹೋಟೆಲಿನಿಂದ ಸಾರು ತಂದು ಮನೆಯಲ್ಲಿ ಬಡಿಸಿದ ಹಾಗೆ. ಮುರಿದ ಬಕೆಟ್ಟಿನ ಮುಚ್ಚಳ ಕತ್ತರಿಸಿದರೆ ಟ್ಯಾಂಕಿನ ಮೈ, ಬಾಲ್‌ಪೆನ್ನಿನ ಖಾಲಿ ರೀಫಿಲ್ಲು ತೋಪಿನ ನಳಿಗೆ, ಹಳೆ ಅಂಗಿಯ ಗುಂಡಿ ಚಕ್ರ, ಸೈಕಲ್ ಟ್ಯೂಬಿನ ಪಟ್ಟಿ ಚಕ್ರಗಳ ಸುತ್ತಲಿನ ಸರಪಳಿ. ಬೋಲ್ಟುಗಳಿಗೆ ರಾಗಿಕಾಳು. ಒಂದೊಂದೇ ಕಾಳನ್ನು ಚಿಮಟದಲ್ಲಿ ಹಿಡಿದು ಗಮ್ಮಿಗೆ ಅದ್ದಿ ಸಾಲಾಗಿ ಕೂರಿಸಿ, ಮಂಕು ಹಸಿರು ಬಳಿದ ಮೇಲೆ ಇದು ಕಬ್ಬಿಣವಲ್ಲ ಎಂದು ಯಾರಾದರೂ ಹೇಳಲಿ ನೋಡೋಣ.

ಇವು ಶೋಕೇಸಿನಲ್ಲಿಡುವ ಗೊಂಬೆಗಳಲ್ಲ. ಟಿ. ನರಸೀಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಶಾಲೆಯ ಗೆಳೆಯನಿಗೂ ಇದೇ ಹುಚ್ಚು. ಅವನ ಮನೆಯ ಮಹಡಿಯಲ್ಲಿ ಒಂದು ದೊಡ್ಡ ಪ್ಲೈವುಡ್ ಮೇಜಿದೆ. ಅದರ ಮೇಲೆ ಗುಡ್ಡ, ಹೊಲ, ನದಿ, ನಡುವೆ ಸೇತುವೆ. ರಜೆಯ ದಿನ ಇಬ್ಬರೂ ಅಲ್ಲಿ ಯುದ್ಧ ಮಾಡುತ್ತೇವೆ. ಗಾಡಿ ಎಷ್ಟು ದೂರ ಹೋಗಬೇಕೆಂದು ಟೇಪಿನಲ್ಲಿ ಅಳೆಯುವುದು, ಗುಂಡು ತಗುಲಿತೋ ಇಲ್ಲವೋ ಎಂದು ದಾಳ ಹಾಕಿ ನೋಡುವುದು. ಅವನ ಹೆಂಡತಿ ಊಟಕ್ಕೆ ಕರೆಯುವಾಗ ಸೇತುವೆ ಯಾರ ಕೈಲಿರುತ್ತದೋ ಅವರು ಗೆದ್ದಂತೆ. ಈವರೆಗೆ ಗೆದ್ದಿರುವುದೆಲ್ಲ ಅವನೇ, ಅದನ್ನು ಮತ್ತೆ ಮತ್ತೆ ನೆನಪಿಸುವುದೂ ಅವನೇ.

ಅವ್ವನಿಗೆ ಮಾತ್ರ ಇದೆಲ್ಲ ಹುಡುಗಾಟ. ನಮ್ಮೂರು ಹೆಡತಲೆಯ ಹೊಲದಲ್ಲಿ ಗೇಯ್ದು ಬಂದವಳು. ತಿನ್ನುವ ರಾಗಿಯನ್ನು ಗಮ್ಮಿಗೆ ಅದ್ದುವ ಮಗನನ್ನು ಕಂಡು ಅವಳು ಪಟ್ಟ ವ್ಯಥೆ ಅಷ್ಟಿಷ್ಟಲ್ಲ. ನೆಂಟರು ಬಂದರೆ ಮೊದಲು ನನ್ನ ಟ್ಯಾಂಕುಗಳ ಮೇಲೆ ಟವೆಲ್ಲು ಮುಚ್ಚುತ್ತಿದ್ದಳು. ಕಾರ್ಖಾನೆಯಲ್ಲಿ ನಾನು ಮಾಡುವ ಕೆಲಸಕ್ಕಿಂತ ಹತ್ತು ಪಟ್ಟು ನಿಗಾ ಇಟ್ಟು ಮಾಡುವ ಕೆಲಸವಿದು. ಅದನ್ನು ಅವಳು ಒಂದು ಸಲವಾದರೂ ಕೆಲಸ ಎಂದು ಒಪ್ಪಲಿ ಎಂಬ ಆಸೆ ನನಗೆ ಬಹಳ ಇತ್ತು. ಈ ವಯಸ್ಸಿಗೆ ಹಾಗೆ ಬಾಯಿಬಿಟ್ಟು ಕೇಳಲು ನಾಚಿಕೆ.

ಕಳೆದ ಆಯುಧಪೂಜೆಗೆ ಹೆಂಡತಿ ಮಕ್ಕಳು ತವರಿಗೆ ಹೋಗಿದ್ದರು. ಸ್ಕೂಟರ್ ತೊಳೆದು ಸ್ನಾನ ಮುಗಿಸಿ ಬಂದು ನೋಡುತ್ತೇನೆ, ದೇವರ ಮುಂದೆ ಬಾಳೆ ಎಲೆ ಹಾಸಿ, ಮಚ್ಚು, ಕುಡುಗೋಲು, ಈಳಿಗೆಮಣೆಯ ಪಕ್ಕದಲ್ಲೇ ಅವ್ವ ನನ್ನ ಕಟ್ಟರು, ಚಿಮಟ, ಅರಗಳನ್ನೂ ಇಟ್ಟಿದ್ದಾಳೆ. ಅವುಗಳ ಹಿಂದೆ ನನ್ನ ಟ್ಯಾಂಕುಗಳೆಲ್ಲ ಸಾಲಾಗಿ ಕೂತಿವೆ. ನೆತ್ತಿಯ ಮೇಲೆ ಮೂರು ಗೆರೆ ವಿಭೂತಿ, ನಡುವೆ ಕುಂಕುಮದ ಬೊಟ್ಟು, ನಳಿಗೆಗೊಂದು ಸೇವಂತಿಗೆ ಎಸಳು. ಬಗ್ಗಿ ಎಣಿಸಿದೆ, ಒಂದನ್ನೂ ಬಿಟ್ಟಿರಲಿಲ್ಲ. ಆಮೇಲೆ ನೆನಪಾಯಿತು. ರಜೆ ಸಿಕ್ಕಿತೆಂಬ ಖುಷಿಯಲ್ಲಿ ಗೆಳೆಯನೂ ನಾನೂ ಯುದ್ಧ ಗೊತ್ತು ಮಾಡಿಕೊಂಡಿದ್ದು ಅವತ್ತಿಗೇ. ಪೂಜೆಗಿಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ.

ಟ್ಯಾಂಕುಗಳನ್ನು ಈಗಲೇ ಒಯ್ಯಬೇಕೆಂದಾಗ ಅವ್ವನ ಮುಖ ಗಂಟಿಕ್ಕಿತು.

"ಪೂಜೆಗಿಟ್ಟ ಆಯುಧ ಯಾರಾರ ಎತ್ತಾರೇನ್ಲಾ?"

"ಆಯುಧ ಅಲ್ಲ ಕಣವ್ವಾ, ಗಾಡಿ. ಸ್ಕೂಟರ್ ಪೂಜೆ ಮಾಡಿ ಓಡ್ಸಲ್ವಾ, ಅಂಗೆ."

ಅವಳು ಒಂದು ಟ್ಯಾಂಕನ್ನು ಬಗ್ಗಿ ನೋಡಿದಳು. "ಗಾಡಿಗೆ ತೋಪು ಯಾತಕ್ಕೆ?"

ನಳಿಗೆಯ ಮೇಲಿನ ಎಸಳು ಸರಿಮಾಡಿ ಅವಳೇ ತೀರ್ಪು ಕೊಟ್ಟಳು. "ಗಾಡಿ ಓಗ್ಲಿ. ತೋಪು ಮಾತ್ರ ಇವತ್ತು ಒಡೀಬ್ಯಾಡ."

ಆಯಿತೆಂದೆ. ಗಾಡಿ ಹೊರಡುವ ಮುಂಚೆ ಚಕ್ರದಡಿ ಇಡುವ ನಿಂಬೆಹಣ್ಣು ಟ್ಯಾಂಕಿನಷ್ಟೇ ಎತ್ತರವಿದ್ದುದರಿಂದ ಸರಪಳಿಯ ಕೆಳಗೆ ದ್ರಾಕ್ಷಿ ಇಟ್ಟಳು. ಗುಂಡಿಯ ಚಕ್ರ ತಿರುಗುವುದಿಲ್ಲವಾದ್ದರಿಂದ ಟ್ಯಾಂಕನ್ನು ಹೆಬ್ಬೆರಳಿನಲ್ಲಿ ಒತ್ತಿ ದ್ರಾಕ್ಷಿಯನ್ನು ಅಪ್ಪಚ್ಚಿ ಮಾಡಿದೆ. ಒಂದೊಂದು ಟ್ಯಾಂಕಿಗೂ ಅಷ್ಟೇ ಶಾಸ್ತ್ರ ಆಗಬೇಕೆಂದು ಪಕ್ಕದಲ್ಲೇ ನಿಂತು ಮಾಡಿಸಿದಳು.

ನರಸೀಪುರದಲ್ಲಿ ಗೆಳೆಯ ನನ್ನ ಪಡೆಯ ವಿಭೂತಿ ಕುಂಕುಮ ನೋಡಿ ನಕ್ಕು ನಕ್ಕು ಕುರ್ಚಿಯಲ್ಲಿ ಕೂತುಬಿಟ್ಟ. ತೋಪು ಹೊಡೆಯುವುದಿಲ್ಲವೆಂದಾಗ ಇನ್ನೂ ನಕ್ಕ. ಹೊಡೆಯದ ತೋಪು ಹೊತ್ತುಕೊಂಡು ಯುದ್ಧಕ್ಕೆ ಬರುವ ನೀನೇ ಮೊದಲಿಗ ಎಂದ. ನಾನು ಗುಡ್ಡದ ಮರೆಯಲ್ಲಿ ನುಸುಳುತ್ತ, ಅವನ ಹೊಡೆತಕ್ಕೆ ಒಂದೊಂದೇ ಗಾಡಿ ಕಳೆದುಕೊಳ್ಳುತ್ತ ಕೊನೆಗೂ ಸೇತುವೆಯ ಹತ್ತಿರ ಬಂದೆ. ಅಲ್ಲಿ ನೋಡಿದರೆ, ಅವನ ದೊಡ್ಡ ಟ್ಯಾಂಕು ನನ್ನ ಉಳಿದೊಂದು ಟ್ಯಾಂಕಿಗೆ ಮಗ್ಗುಲು ಕೊಟ್ಟು ನಿಂತಿದೆ. ಕಣ್ಣುಮುಚ್ಚಿ ದಾಳ ಎಸೆದರೂ ತಗುಲುವ ಗುಂಡು. ಕೆಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು; ಊಟದ ಕರೆ ಯಾವ ಗಳಿಗೆಯಲ್ಲಾದರೂ ಬರಬಹುದು.

ಗೆಳೆಯನಿಗೇ ತಡೆಯಲಾಗಲಿಲ್ಲ. "ಒಡೀಲಾ. ನಂಜನಗೂಡಲ್ಲಿರೋ ನಿಮ್ಮವ್ವಂಗೆ ಎಂಗ್ ಗೊತ್ತಾದದು?"

ದಾಳ ಕೈಯಲ್ಲೇ ಇತ್ತು. ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹೊಡೆದಿದ್ದರೆ, ಇದೆಲ್ಲ ಬರೀ ಆಟ ತಾನೇ ಎಂದು ನಾನೇ ಹೇಳಿದಂತಾಗುತ್ತಿತ್ತು. ಅವ್ವ ಅವುಗಳನ್ನು ಮಚ್ಚು, ಕುಡುಗೋಲಿನ ಸಾಲಿನಲ್ಲಿ ಕೂರಿಸಿದ್ದಳು. ದಾಳವನ್ನು ಕೆಳಗಿಟ್ಟೆ. ಅವನು ತನ್ನ ಸರದಿಯಲ್ಲಿ ನನ್ನ ಕೊನೆಯ ಟ್ಯಾಂಕನ್ನೂ ಉಡಾಯಿಸಿ, ಹೊಗೆಯ ಗುರುತಿಗೆ ಅದರ ನೆತ್ತಿಯ ಮೇಲೆ ಹತ್ತಿಯ ಉಂಡೆ ಇಟ್ಟ. ಆಮೇಲೆ ಊಟಕ್ಕೆ ಕರೆದರು. ಸೋತವನಿಗೆ ಒಂದು ಒಬ್ಬಟ್ಟು ಜಾಸ್ತಿಯೇ ಬಿತ್ತು.

ಮನೆಗೆ ಬಂದಾಗ ಅವ್ವ ಜಗಲಿಯಲ್ಲಿ ಕೂತಿದ್ದಳು. ಏನಾಯಿತೆಂದು ಕೇಳಿದಳು. ಇಷ್ಟು ವರ್ಷದಲ್ಲಿ ಅವಳು ಹಾಗೆ ಕೇಳಿದ್ದು ಅದೇ ಮೊದಲು. ಒಂದು ಗುಂಡೂ ಹೊಡೆಯಲಿಲ್ಲ, ಎಲ್ಲ ಟ್ಯಾಂಕೂ ಹೋದವು, ಸೋತೆ ಎಂದೆ. ಅವಳು ಟ್ಯಾಂಕುಗಳ ಡಬ್ಬ ತೆಗೆಸಿ, ಗಾಡಿಗಳಿಗೆ ನಿಜವಾಗಿ ಏನೂ ಆಗಿಲ್ಲ ತಾನೇ ಎಂದು ಒಂದೊಂದನ್ನೇ ತಿರುಗಿಸಿ ನೋಡಿದಳು. ಒಂದರ ಮೈಯಿಂದ ರಾಗಿಕಾಳೊಂದು ಉದುರಿತ್ತು. ಅದನ್ನು ತೋರಿಸಿ, ಈಗಲೇ ಕೂರಿಸು ಎಂದಳು. ನಾಳೆ ಕಣವ್ವಾ, ಚಿಮಟ ಪೂಜೆಯಲ್ಲಿದೆ ಎಂದೆ.

ಕಾರ್ಖಾನೆಗೆ ಹೋಗುವ ದಿನ ಬಿಟ್ಟರೆ ಅವ್ವ ನನಗೆ ಊಟದ ಡಬ್ಬಿ ಕಟ್ಟಿದವಳಲ್ಲ. ಮಾರನೆಯ ದಿನವೂ ರಜೆಯೇ. ಒಳಗೆ ಹೋಗುತ್ತಿದ್ದವಳು ಬಾಗಿಲಲ್ಲಿ ನಿಂತು ಕೇಳಿದಳು.

"ನಾಳೆ ತೋಪು ಒಡೀಬೌದು. ಡಬ್ಬಿಗೆ ಏನಾಕ್ಲಿ?"