ಗುದ್ದು ತಿಂದ ಹೆಸರುಗಳು

ನಮ್ಮ ಸೋದರತ್ತೆಯ ಬೆನ್ನು ಅಗಲವಾಗಿತ್ತು. ಆಕೆ ರೊಟ್ಟಿ ಬಡಿಯುವಾಗ ಹಿಂದೆ ಕುಳಿತು ನೋಡಿದರೆ ಒಲೆ ಕಾಣುತ್ತಿರಲಿಲ್ಲ, ಇಳಕಲ್ ಸೀರೆ ಹೊದ್ದ ಬೆನ್ನೊಂದೇ ಕಾಣುತ್ತಿತ್ತು. ನಾನು ಚಿಕ್ಕವಳಿದ್ದಾಗ ಆ ಬೆನ್ನಿಗೆ ಆತು ಕುಳಿತು ಎಡ ಹೆಗಲ ಕೆಳಗೆ ಕೈಯಿಟ್ಟರೆ, "ಹಾಂ, ಅದು ನಿನ್ನ ಜಾಗಾ" ಎನ್ನುತ್ತಿದ್ದಳು. ನನಗೆ ಹೆಸರಿಟ್ಟ ದಿನ ಓಣಿಯ ಹೆಂಗಸೊಬ್ಬಳು ಅಲ್ಲಿಗೆ ಕೊಟ್ಟ ಗುದ್ದು ಬಹಳ ದಿನ ನೋಯುತ್ತಿತ್ತಂತೆ.

ನಮ್ಮ ಕಡೆ ಕೂಸಿಗೆ ಹೆಸರಿಡುವವಳು ತಂದೆಯ ಅಕ್ಕ ಅಥವಾ ತಂಗಿ. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದ ಮೇಲೆ ಅವಳು ಬಗ್ಗಿ, ಅದರ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಬೇಕು. ಹೇಳಿದ ಗಳಿಗೆಗೆ ಹಿಂದೆ ಕಾದು ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ದಬದಬ ಗುದ್ದುತ್ತಾರೆ. ಯಾಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅತ್ತೆ ಹೇಳುತ್ತಿದ್ದುದು ಇಷ್ಟೇ: "ಗುದ್ದಿದರ ಹೆಸರು ನಿಲ್ತೈತಿ, ಗೂಟಾ ಬಡದಂಗ."

ಆಕೆಯನ್ನು ಕೊಟ್ಟಿದ್ದು ನವಲಗುಂದದಲ್ಲೇ, ನಮ್ಮ ಮನೆಯಿಂದ ಒಂದು ಓಣಿ ಆಚೆ. ಹೀಗಾಗಿ ನಮ್ಮ ಮನೆಯ ಮಕ್ಕಳದಷ್ಟೇ ಅಲ್ಲ, ಓಣಿಯಲ್ಲಿ ಸೋದರತ್ತೆ ಇಲ್ಲದ ಕೂಸುಗಳ ಹೆಸರೂ ಆಕೆಯ ಬೆನ್ನ ಮೇಲೆ ಗುದ್ದು ತಿಂದೇ ಹುಟ್ಟಿದವು. ಹೆಸರು ಕೂಗಲು ಬರುತ್ತದೋ ಇಲ್ಲವೋ ಎಂದು ಮೊದಲೇ ಪರೀಕ್ಷೆ ಮಾಡುವುದು ಆಕೆಯ ಚಾಳಿ. ಆದರೆ ಕೂಸಿನ ನಿಜವಾದ ಹೆಸರನ್ನು ತೊಟ್ಟಿಲಿಗಿಂತ ಮೊದಲು ಬಾಯಿಬಿಟ್ಟು ಹೇಳುವ ಹಾಗಿಲ್ಲವಲ್ಲ. ಅದಕ್ಕೆ ಅಷ್ಟೇ ಉದ್ದದ ಬೇರೆ ಯಾವುದೋ ಹೆಸರು ಹಿಡಿದು ಅಡುಗೆಮನೆಯಿಂದ ಹಿತ್ತಲಿಗೆ ಕೂಗುವಳು. ಹಿತ್ತಲಿನ ಎಮ್ಮೆ ಕಿವಿ ನಿಮಿರಿಸಿದರೆ ಪಾಸು.

ಇಂಥವಳ ಸೋದರಸೊಸೆಯಾದ ನಾನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿತು ಬಂದು ಬಸ್‌ಸ್ಟ್ಯಾಂಡ್ ಹತ್ತಿರ ಮಹಡಿಯ ಮೇಲೊಂದು ಕೋಣೆ ಹಿಡಿದೆ. ಸಣ್ಣ ವ್ಯಾಪಾರದವರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಈ ಕೆಲಸ ಶುರುವಾಗುವುದೇ ಹೆಸರಿನಿಂದ. ಡೊಮೇನ್ ಅಂದರೆ ವೆಬ್‌ಸೈಟಿನ ವಿಳಾಸ, ಇಡೀ ಜಗತ್ತಿನಲ್ಲಿ ಆ ಹೆಸರು ಒಬ್ಬರಿಗೇ ಸಿಗುತ್ತದೆ, ವರ್ಷಕ್ಕೊಮ್ಮೆ ಅದಕ್ಕೆ ಬಾಡಿಗೆ ಕಟ್ಟಬೇಕು ಎಂದು ಅತ್ತೆಗೆ ತಿಳಿಸಿ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು.

"ಹೆಸರಿಗೂ ಬಾಡಿಗಿ? ಹಂಗಾದ್ರ ನಾ ಊರತುಂಬ ಪುಕ್ಕಟ ಹಂಚೀನಲ್ಲಲೇ!"

ಅಂದಿನಿಂದ ನನ್ನ ಗಿರಾಕಿಗಳ ಹೆಸರುಗಳೂ ಅತ್ತೆಯ ಅಡುಗೆಮನೆಗೆ ಬಂದವು. ಕುಂದಗೋಳದ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಮನೆದೇವರು, ತೀರಿಹೋದ ಅಜ್ಜ, ಹಿರಿಯ ಮಗಳು, ಕೊನೆಗೆ ಅಂಡ್ ಸನ್ಸ್ ಎಲ್ಲ ಸೇರಿಸಿ ಗೂಡ್ಸ್ ಗಾಡಿಯಷ್ಟು ಉದ್ದದ ಹೆಸರು ಬರೆದು ತಂದಿದ್ದರು. ಅತ್ತೆ ಹಿತ್ತಲಿಗೆ ಮುಖ ಮಾಡಿ ಕೂಗಲು ಹೋಗಿ ಅರ್ಧಕ್ಕೆ ನಿಂತಳು. "ಉಸುರು ಹತ್ತತೈತಿ. ಅಜ್ಜನ ಹೆಸರು ಬರೂದರಾಗ ಗಿರಾಕಿ ಮನಿಗೆ ಹೋಗಿರ್ತಾನ." ಅವರಿಗೆ ನಾನು ಇದನ್ನೇ ಸ್ವಲ್ಪ ಸಭ್ಯವಾಗಿ ಹೇಳಿದೆ. ಈಗ ಅವರ ಹೆಸರಲ್ಲಿ ಮನೆದೇವರಿದ್ದಾರೆ, ಮೆಣಸಿನಕಾಯಿ ಇದೆ, ಉಳಿದವರೆಲ್ಲ ಒಳಗಿನ ಪುಟಕ್ಕೆ ಹೋದರು.

ತೊಟ್ಟಿಲಿಗಿಂತ ಮೊದಲು ಹೆಸರು ಬಾಯಿಗೆ ಬರಬಾರದು ಎಂಬ ಆಕೆಯ ನೇಮವೂ ನನಗೆ ಉಪಯೋಗಕ್ಕೆ ಬಂತು. ಅಣ್ಣಿಗೇರಿಯ ಬೇಳೆ ವ್ಯಾಪಾರಿ ತಮ್ಮ ಹೊಸ ಹೆಸರನ್ನು ಚಹಾದಂಗಡಿಯಲ್ಲಿ ನಾಲ್ಕು ಮಂದಿಗೆ ಹೇಳಿ ಬಂದಿದ್ದರು. ಮರುದಿನ ನಾನು ಕೊಳ್ಳಲು ಕುಳಿತರೆ ಬೇರೆ ಯಾರೋ ಅದನ್ನು ಕೊಂಡಾಗಿತ್ತು. ಆಮೇಲೆ ನಾನು ಮೊದಲು ಕೊಂಡು, ನಂತರ ಬಾಯಿ ಬಿಡುವುದನ್ನು ಕಲಿತೆ.

ಹಾಗೆಂದು ಅತ್ತೆ ಹೇಳಿದ್ದೆಲ್ಲ ವೇದವಾಕ್ಯವೇನಲ್ಲ. ಪ್ರತಿ ವೆಬ್‌ಸೈಟಿನ ಪಡಸಾಲೆಯಲ್ಲಿ ದೊಡ್ಡದೊಂದು ದೇವರ ಫೋಟೋ ಇರಬೇಕು, ಅಮಾವಾಸ್ಯೆ ಕಳೆಯುವ ತನಕ ಯಾವ ಬಟನ್ನೂ ಒತ್ತಬಾರದು ಎನ್ನುತ್ತಿದ್ದಳು. ಕೇಳುತ್ತ ಕುಳಿತಿದ್ದರೆ ನನ್ನ ಕೋಣೆಗೆ ಎಂದೋ ಬೀಗ ಬೀಳುತ್ತಿತ್ತು.

ಆಗ ಬಂದವರು ಕಲಘಟಗಿ ಕಡೆಯ ಅಣ್ಣತಮ್ಮಂದಿರು. ತಲೆತಲಾಂತರದಿಂದ ಬಣ್ಣದ ತೊಟ್ಟಿಲು ಮಾಡುವ ಮನೆ. ಅಣ್ಣ ಕಟ್ಟಿಗೆ ಕಡೆಯುತ್ತಾನೆ, ತಮ್ಮ ಅರಗಿನ ಬಣ್ಣ ಹಚ್ಚಿ ಚಿತ್ರ ಬರೆಯುತ್ತಾನೆ. ಅಪ್ಪ ಇರುವ ತನಕ ಅವರಿಗೆ ಹೆಸರೇ ಬೇಕಾಗಿರಲಿಲ್ಲ. ಸುತ್ತಲಿನ ಮಂದಿ "ತೊಟ್ಟಿಲದವರು" ಅನ್ನುತ್ತಿದ್ದರು, ಅಷ್ಟು ಸಾಕಿತ್ತು. ಈಗ ದೂರದವರು ಫೋನಿನಲ್ಲಿ ಹುಡುಕುತ್ತಾರೆ, ಅಲ್ಲಿ ಇವರು ಸಿಗುವುದಿಲ್ಲ. ಕೆಲಸ ಕಡಿಮೆಯಾಗುತ್ತ ಬಂದಿತ್ತು. ವೆಬ್‌ಸೈಟ್ ಬೇಕು ಎಂಬುದರಲ್ಲಿ ಇಬ್ಬರಿಗೂ ಒಮ್ಮತ. ಆದರೆ ನನ್ನ ಸಣ್ಣ ಕೋಣೆಯಲ್ಲಿ ಇಬ್ಬರೂ ಕುರ್ಚಿಯನ್ನು ಒಂದೊಂದು ಮೂಲೆಗೆ ಎಳೆದುಕೊಂಡು ಕುಳಿತಾಗಲೇ ನನಗೆ ಜಗಳದ ವಾಸನೆ ಹತ್ತಿತು.

"ನನ್ನ ಹೆಸರಿಲೆ ಮಾಡ್ರಿ ಅಕ್ಕಾರ" ಎಂದ ಅಣ್ಣ. "ಕಟ್ಟಿಗಿ ಇಲ್ಲಂದ್ರ ಇಂವಾ ಬಣ್ಣ ಗಾಳಿಗೆ ಹಚ್ತಾನೇನ್ರಿ?"

"ಬಣ್ಣ ಇಲ್ಲಂದ್ರ ಅದು ತೊಟ್ಟಿಲಲ್ರಿ, ದನದ ಗೋದಲಿ" ಎಂದ ತಮ್ಮ.

ದೇವರ ಹೆಸರು, ಊರ ಹೆಸರು, ಅಪ್ಪನ ಹೆಸರು, ಎಲ್ಲ ಮುಂದಿಟ್ಟೆ. ಒಬ್ಬ ಒಪ್ಪಿದ್ದನ್ನು ಇನ್ನೊಬ್ಬ ಒಲ್ಲೆ ಅಂದ. ಕೊನೆಗೆ ಇಬ್ಬರೂ ಒಂದೇ ದನಿಯಲ್ಲಿ ಹೇಳಿದ್ದೆಂದರೆ, "ಎರಡ ಮಾಡಿಬಿಡ್ರಿ. ಬ್ಯಾರೆ ಬ್ಯಾರೆ." ಎರಡು ವೆಬ್‌ಸೈಟ್ ಅಂದರೆ ಎರಡು ಕೆಲಸ, ನನಗೇನೋ ಲಾಭವೇ. ಆದರೆ ಅಪ್ಪನ ಒಂದು ಕಾರ್ಖಾನೆ ನನ್ನ ಟೇಬಲ್ಲಿನ ಮೇಲೆ ಎರಡಾಗುವುದನ್ನು ನೋಡಲು ನನಗೆ ಮನಸ್ಸಾಗಲಿಲ್ಲ. ಬಣ್ಣದವನಿಲ್ಲದ ಅಣ್ಣ, ಕಟ್ಟಿಗೆಯವನಿಲ್ಲದ ತಮ್ಮ, ಇಬ್ಬರೂ ವರ್ಷದೊಳಗೆ ಕೈಚೆಲ್ಲುವುದು ಖಂಡಿತವಿತ್ತು. ಒಂದು ವಾರ ತಡೆಯಿರಿ ಎಂದು ಹೇಳಿ ಕಳಿಸಿ, ಸಂಜೆ ಅತ್ತೆಯ ಮುಂದೆ ಎಲ್ಲ ಹೇಳಿದೆ.

ಆಕೆ ನಕ್ಕುಬಿಟ್ಟಳು. "ಹೆತ್ತವರು ಎಲ್ಲೆರ ಹೆಸರು ಇಡ್ತಾರೇನಲೇ? ತೊಟ್ಟಲಾ ಮಾಡವರಿಗೆ ಇಷ್ಟು ಗೊತ್ತಿಲ್ಲಂದ್ರ! ಅವರಿಗೆ ಅಕ್ಕ-ತಂಗೇರು ಇಲ್ಲೇನು, ಕೇಳು."

ಅಣ್ಣನಿಗೆ ಫೋನ್ ಹಚ್ಚಿ ಕೇಳಿದೆ. "ಒಬ್ಬಾಕಿ ತಂಗಿ ಅದಾಳ್ರಿ, ಮಿಶ್ರಿಕೋಟಿಗೆ ಕೊಟ್ಟೀವಿ. ಬರೂದಿಲ್ರಿ" ಎಂದ.

"ಯಾಕ್ರಿ?"

"ತೊಟ್ಟಲದ ಸಲುವಾಗಿ."

ಸಂಗತಿ ಇಷ್ಟು. ಚೊಚ್ಚಲ ಕೂಸಿಗೆ ತೊಟ್ಟಿಲು ತವರಿನಿಂದ ಹೋಗಬೇಕು. ತಂಗಿಗೆ ಮಗ ಹುಟ್ಟಿದಾಗ ಅಪ್ಪ ಆಗಷ್ಟೇ ತೀರಿಕೊಂಡಿದ್ದ. ಹಿರಿಯವನು ಅಣ್ಣನೇ ಅಲ್ಲವೇ, ಅವನು ಕಳಿಸಿರುತ್ತಾನೆ ಎಂದುಕೊಂಡ ತಮ್ಮ. ತಂಗಿಯ ಮೇಲೆ ಜೀವ ಇಟ್ಟವನು ತಮ್ಮ, ಅವನೇ ಕಳಿಸಿರುತ್ತಾನೆ ಎಂದುಕೊಂಡ ಅಣ್ಣ. ಊರೂರಿಗೆ ತೊಟ್ಟಿಲು ಕಳಿಸುವ ಮನೆಯಿಂದ ಸ್ವಂತ ಮಗಳಿಗೆ ತೊಟ್ಟಿಲು ಹೋಗಲಿಲ್ಲ. ಗೊತ್ತಾದ ಮೇಲೆ ನೀ ಮರೆತೆ, ನೀ ಮರೆತೆ ಎಂದು ಇಬ್ಬರೂ ಜಗಳವಾಡಿದರೇ ಹೊರತು ತೊಟ್ಟಿಲನ್ನು ಮಾತ್ರ ಯಾರೂ ಕಳಿಸಲಿಲ್ಲ. ಅಲ್ಲಿಂದ ತಂಗಿ ತವರಿನ ಹೊಸ್ತಿಲು ತುಳಿದಿಲ್ಲ.

ಅತ್ತೆ ಕೇಳಿದವಳೇ ಆಧಾರ್ ಕಾರ್ಡು ಸೆರಗಿಗೆ ಗಂಟು ಹಾಕಿಕೊಂಡಳು. "ಬಸ್ಸಿನಾಗ ಹೆಣ್ಮಕ್ಕಳಿಗೆ ಪುಕ್ಕಟ ಐತಿ. ಏಳ, ಹೋಗೂಣು."

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಮಿಶ್ರಿಕೋಟಿಗೆ ಹೋದೆವು. ತಂಗಿ ಒಳ್ಳೆಯ ಹೆಂಗಸು, ಗುರುತಿಲ್ಲದ ನಮ್ಮನ್ನೂ ಕೂರಿಸಿ ಚಹಾ ಕೊಟ್ಟಳು. ಅಣ್ಣಂದಿರ ಮಾತು ತೆಗೆದದ್ದೇ ತಡ, ಮುಖ ಗಂಟಿಕ್ಕಿಕೊಂಡು ತೊಲೆಯ ಕೊಂಡಿ ತೋರಿಸಿದಳು.

"ತೊಟ್ಟಲದವರ ಮಗಳು ನಾ, ಸೀರಿ ಜೋಳಿಗ್ಯಾಗ ಕೂಸು ತೂಗೀನ್ರಿ. ಓಣ್ಯಾಗಿನವರು ತವರ ತೊಟ್ಟಲಾ ಎಲ್ಲೈತಿ ಅಂತ ಕೇಳಿದ್ರ, ಬಣ್ಣ ಒಣಗಿಲ್ರಿ ಅಂತಿದ್ದೆ. ಬಣ್ಣ ಒಣಗೂದರಾಗ ಮಗ ನಡ್ಯಾಕ ಕಲ್ತ. ಈಗ ಸಾಲಿಗೆ ಹೋಗ್ಯಾನ."

ಅತ್ತೆ ಚಹಾದ ಕಪ್ಪು ಕೆಳಗಿಟ್ಟು ಅವಳ ಪಕ್ಕಕ್ಕೆ ಸರಿದು ಕುಳಿತಳು.

"ಯವ್ವಾ, ನಿನ್ನ ಸಿಟ್ಟು ಖರೇ. ಆದರ ತವರಮನ್ಯಾಗ ನಮಗ ಉಳಿಯೂದು ಇದೊಂದ ನೋಡು. ಹೊಲ ಕೇಳಿದರ ಮುನಿಸು, ಹೆಸರು ಇಟ್ಟರ ಸೀರಿ. ಅದನ್ನೂ ಬಿಟ್ಟುಕೊಟ್ಟರ ಏನ ಉಳೀತು? ಬಾ, ಅವರಿಗೊಂದು ಹೆಸರಿಡು. ಇಲ್ಲಂದ್ರ ಅವರಿಬ್ಬರೂ ಬ್ಯಾರೆ ಆಗ್ತಾರ. ಆಮ್ಯಾಲ ನೀ ಸಿಟ್ಟು ಬಿಟ್ಟು ಹೋಗಬೇಕಂದ್ರೂ ಯಾವ ಮನಿಗೆ ಹೋಗ್ತಿ?"

ತಂಗಿ ಕಪ್ಪುಗಳನ್ನು ಎತ್ತಿಕೊಂಡು ಎದ್ದಳು. ಆಮೇಲೆ ಹೇಳಿದಳು, "ತೊಟ್ಟಲಾ ಬರಲಿ. ಹೆಸರು ಆಮ್ಯಾಲ."

ಈ ಮಾತನ್ನು ನಾನು ಅಣ್ಣತಮ್ಮಂದಿರಿಗೆ ಇದ್ದ ಹಾಗೇ ಮುಟ್ಟಿಸಿದೆ. ನಾಲ್ಕು ದಿನ ಬಿಟ್ಟು ಅವರ ಕಾರ್ಖಾನೆಗೆ ಹೋಗಿ ನೋಡಿದರೆ ಕೆಲಸ ನಡೆದಿತ್ತು. ಮಾತಿಲ್ಲ, ಕತೆಯಿಲ್ಲ. ಅಣ್ಣ ಕಡೆದ ತೊಟ್ಟಿಲ ಕಾಲನ್ನು ನೆಲದ ಮೇಲೆ ಉರುಳಿಸುತ್ತಿದ್ದ, ತಮ್ಮ ಎತ್ತಿಕೊಂಡು ಬಣ್ಣ ಹಚ್ಚುತ್ತಿದ್ದ. ಒಂದು ಕಾಲು ಒಂಚೂರು ಸೊಟ್ಟ ಕಂಡಿತೇನೋ, ತಮ್ಮ ಅದನ್ನು ವಾಪಸು ಉರುಳಿಸಿದ. ಅಣ್ಣ ಎತ್ತಿ ನೋಡಿ ಮತ್ತೆ ಕಡೆದುಕೊಟ್ಟ. ಜಗಳವಿಲ್ಲದೆ ಇಷ್ಟು ದೂರ ಬಂತಲ್ಲ ಎಂದು ನಾನು ಸದ್ದಿಲ್ಲದೆ ಹಿಂದಿರುಗಿದೆ.

ತೊಟ್ಟಿಲು ಟೆಂಪೋದಲ್ಲಿ ಮಿಶ್ರಿಕೋಟಿಗೆ ಬಂದ ದಿನ ಅತ್ತೆಯೂ ನಾನೂ ಅಲ್ಲಿದ್ದೆವು. ಕೆಂಪು, ಹಸಿರು, ಹಳದಿ, ಕಣ್ಣು ಕುಕ್ಕುವ ಹಾಗಿತ್ತು. ಓಣಿಯ ಹೆಂಗಸರೆಲ್ಲ ಬಂದು ಮುಟ್ಟಿ ನೋಡಿದರು. ತಂಗಿ ಅವರಿಗೆ, "ಈಗ ಒಣಗೇತ್ರಿ ಬಣ್ಣ" ಎಂದು ಹೇಳಿ ನಕ್ಕಳು, ನಗುತ್ತಲೇ ಅತ್ತಳು. ಅಣ್ಣತಮ್ಮಂದಿರು ಹೊರಗೆ ಕಟ್ಟೆಯ ಮೇಲೆ ತಪ್ಪು ಮಾಡಿದ ಹುಡುಗರ ಹಾಗೆ ಕುಳಿತಿದ್ದವರು ಒಳಗೆ ಬಂದರು.

ಇನ್ನು ಹೆಸರು. ತೊಟ್ಟಿಲಿದೆ, ಕೂಸಿಲ್ಲ. ಅತ್ತೆ ನನ್ನ ಕೈಯಿಂದ ಲ್ಯಾಪ್‌ಟಾಪ್ ಕಸಿದುಕೊಂಡು, ತೊಟ್ಟಿಲಲ್ಲಿ ಕೌದಿ ಹಾಸಿ, ಅದರ ಮೇಲೆ ಮಲಗಿಸಿದಳು. "ಇದ ಅಲ್ಲೇನು ಕೂಸು?"

ತಂಗಿ ಬಗ್ಗಿ ನೋಡಿದಳು. "ಇದಕ್ಕ ಕಿವಿ ಎಲ್ಲೈತ್ರಿ?"

"ಇದರ ಕಿವಿ ಇಕಿನ" ಎಂದು ಅತ್ತೆ ನನ್ನನ್ನು ಮುಂದಕ್ಕೆ ದಬ್ಬಿದಳು.

ತಂಗಿ ನನ್ನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳಿದಳು. ನಾನು ತೊಟ್ಟಿಲ ಪಕ್ಕ ಮಂಡಿಯೂರಿ ಅದನ್ನು ಟೈಪು ಮಾಡಿದೆ. ನೆಟ್‌ವರ್ಕು ಆಮೆಯ ಹಾಗೆ ತೆವಳುತ್ತಿತ್ತು. ಇಷ್ಟೆಲ್ಲ ಮಾಡಿ ಈ ಹೆಸರು ಇನ್ನಾರದೋ ಆಗಿಬಿಟ್ಟಿದ್ದರೆ? ಮನೆತುಂಬ ಮಂದಿ ನನ್ನ ಮುಖ ನೋಡುತ್ತಿದ್ದರು. ಕೊನೆಗೂ ಹಸಿರು ಅಕ್ಷರ ಬಂತು. ಹೆಸರು ಖಾಲಿ ಇತ್ತು! ದುಡ್ಡು ಕಟ್ಟುವ ಓಟಿಪಿ ನಂಬರು ಅಣ್ಣನ ಫೋನಿಗೆ ಬಂತು. ಅವನಿಗೆ ಚಾಳೀಸಿಲ್ಲದೆ ಕಾಣದು, ತಮ್ಮ ಇಸಿದುಕೊಂಡು ಓದಿ ಹೇಳಿದ. ಒತ್ತಿದೆ. "ಆತ್ರಿ, ನಿಮ್ಮದಾತು" ಎಂದೆ. ತಲೆಯ ಮೇಲಿನ ಮೂಟೆ ಇಳಿದ ಹಾಗಾಯಿತು.

ಆಗ ನೋಡಿ, ಹೆಂಗಸರು ತಂಗಿಯ ಬೆನ್ನಿಗೆ ಗುದ್ದಿದ್ದು! ಅತ್ತೆ ಎಲ್ಲರಿಗಿಂತ ಜೋರಾಗಿ ಗುದ್ದಿದಳು.

"ಏನ್ ಹೆಸರಿಟ್ಟೆವಾ?" ಎಂದು ಅಣ್ಣ ಮೆಲ್ಲಗೆ ಕೇಳಿದ.

"ತವರ ತೊಟ್ಟಿಲು" ಎಂದಳು ತಂಗಿ.

ಅಣ್ಣ ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡ. ತಮ್ಮ, "ಇದ ಇರಲಿ" ಎಂದ. ಅತ್ತೆ ಹಿತ್ತಲ ಬಾಗಿಲಿಗೆ ಹೋಗಿ ಒಮ್ಮೆ ಗಟ್ಟಿಯಾಗಿ ಕೂಗಿ ಬಂದು, ಅವರ ಎಮ್ಮೆಯೂ ಒಪ್ಪಿತೆಂದು ಹೇಳಿದಳು. ಶಾಲೆಯಿಂದ ಬಂದ ಮಗ ಹೊಸ ತೊಟ್ಟಿಲಲ್ಲಿ ಕುಳಿತು ಎರಡೂ ಕಾಲು ಹೊರಗೆ ಚಾಚಿದ. ಆ ಫೋಟೋವನ್ನೇ ವೆಬ್‌ಸೈಟಿನ ಮೊದಲ ಪುಟದಲ್ಲಿ ಹಾಕಿದೆ. ಕಟ್ಟಿಗೆಗೊಂದು ಪುಟ, ಬಣ್ಣಕ್ಕೊಂದು ಪುಟ, ಎರಡಕ್ಕೂ ಬಾಗಿಲು ಒಂದೇ. ಈಗ ಅವರಿಗೆ ಕೈತುಂಬ ಕೆಲಸ. ಈಗಲೂ ಜಗಳವಾಡುತ್ತಾರೆ, ಆದರೆ ಒಂದೇ ಛಾವಣಿಯ ಕೆಳಗೆ.

ಮುಂದೆ ಅತ್ತೆ ಇಳಿದುಹೋದಳು. ಆ ಅಗಲ ಬೆನ್ನು ಬಾಗಿ, ಕುಪ್ಪಸದೊಳಗೆ ಎಲುಬು ಎಣಿಸಲು ಬರುವಂತಾಯಿತು. ಅಷ್ಟರಲ್ಲಿ ನನ್ನ ತಮ್ಮನಿಗೆ ಮಗಳು ಹುಟ್ಟಿದಳು. ಬೀಗರು ಕೊಟ್ಟ ತೊಟ್ಟಿಲು ಈ ಅಣ್ಣತಮ್ಮಂದಿರ ಮನೆಯದೇ. ಹೆಸರಿಡುವ ಹಕ್ಕು ನನ್ನದಾಗಿದ್ದರೂ, ಅತ್ತೆ ಇರುವಾಗ ನಾನು ಹೇಗೆ ಮುಂದಾಗಲಿ ಎಂದು ಹಿಂದೆ ಸರಿದೆ. ತೊಟ್ಟಿಲ ಪಕ್ಕ ಹೊರಸಿನ ಮೇಲೆ ಮಲಗಿದ್ದ ಆಕೆ ಕಣ್ಣು ಬಿಟ್ಟು ಬೈದಳು.

"ಮಂದಿ ಅಂಗಡಿಗೆಲ್ಲ ಹೆಸರಿಟ್ಟಿ, ಮನಿ ಕೂಸಿಗೆ ಅಂಜತಿಯೇನಲೇ? ಬಗ್ಗು. ಈ ಸಲ ನಿನ್ನ ಬೆನ್ನು."

ಬಗ್ಗಿದೆ. ಹಾಲು ವಾಸನೆಯ ಆ ಪುಟ್ಟ ಕಿವಿಯಲ್ಲಿ ಹೆಸರು ಹೇಳಿದೆ. ಓಣಿಯ ಹೆಂಗಸರು ವರ್ಷಗಳ ಬಾಕಿ ತೀರಿಸುವವರ ಹಾಗೆ ಗುದ್ದಿದರು. ಎಲ್ಲ ಮುಗಿಯಿತು ಎಂದು ಏಳುವಷ್ಟರಲ್ಲಿ ಎಡ ಹೆಗಲ ಕೆಳಗೆ ಇನ್ನೊಂದು ಗುದ್ದು ಬಿತ್ತು, ಹಿಟ್ಟಿನ ಕೈ ಕೊಡವಿದಷ್ಟು ಹಗುರಾಗಿ. ತಿರುಗಿ ನೋಡಿದರೆ ಅತ್ತೆ ಹೊರಸಿನಿಂದ ಕೈ ಚಾಚಿದ್ದಳು.

"ನಿಂತಿತು ಬಿಡು" ಎಂದಳು.

ಜೋಳದ ರಾಶಿಗೆ ಮೊದಲೇ ಆಕೆ ಹೋದಳು. ನರಳಲಿಲ್ಲ, ನಿದ್ದೆಯಲ್ಲೇ ಹೋದಳು, ಅದೊಂದು ಸಮಾಧಾನ. ಮಣ್ಣಿಗೆ ತೊಟ್ಟಿಲದವರೂ ಬಂದಿದ್ದರು. ಅಣ್ಣ, ತಮ್ಮ, ಮಿಶ್ರಿಕೋಟಿಯ ತಂಗಿ, ಮೂವರೂ ಒಂದೇ ಗಾಡಿಯಲ್ಲಿ.

ನನ್ನ ಕೋಣೆಗೆ ಈಗಲೂ ಮಂದಿ ಹೆಸರು ಕೇಳಿಕೊಂಡು ಬರುತ್ತಾರೆ. ಆರಿಸಿದ ಹೆಸರನ್ನು ಕೊಳ್ಳಲು ಬಟನ್ ಒತ್ತುವ ಮೊದಲು ಇವತ್ತಿಗೂ ನನ್ನ ಬೆನ್ನು ತಾನಾಗಿಯೇ ಮುಂದಕ್ಕೆ ಬಾಗುತ್ತದೆ, ಒಂದು ಗುದ್ದಿಗೆ ಕಾದು.