ರವಿವಾರವಿಲ್ಲದ ಬಾಯಿ

ಆಗ ನಮ್ಮ ಕಡೆ ಕಬ್ಬು ಕಡಿಯುವ ದಿನಗಳು ಬಂದವೆಂದರೆ ಊರಿಗೆ ಊರೇ ಬೆಲ್ಲದ ವಾಸನೆ. ಶಾಲೆಗೆ ಹೊರಟ ಹುಡುಗರ ಚೀಲದಲ್ಲಿ ಪುಸ್ತಕಕ್ಕಿಂತ ಕಬ್ಬಿನ ತುಂಡುಗಳೇ ಹೆಚ್ಚಿರುತ್ತಿದ್ದವು. ಬಸ್ಸಿನ ಸೀಟಿನ ಕೆಳಗೆಲ್ಲ ಅಗಿದು ಉಗುಳಿದ ಸಿಪ್ಪೆ, ಕಂಡಕ್ಟರನ ಬೈಗುಳ, ಕೈಗೆ ಅಂಟಿದ ಸಿಹಿ. ಇದೆಲ್ಲ ನಿಮಗೂ ಗೊತ್ತಿರುವುದೇ. ಪ್ರತಿ ವರ್ಗದಲ್ಲೂ ಬಾಯಿ ಮುಚ್ಚದ ಒಬ್ಬರು ಇರುತ್ತಿದ್ದರು ಎಂಬುದೂ ಗೊತ್ತಿರುತ್ತದೆ. ದೇವರು ಅಂಥ ಒಬ್ಬಳನ್ನು ಹುಡುಕಿ ತಂದು ನನ್ನ ಬಾಜೂಕೇ ಕೂರಿಸಿದ್ದ.

ಅವಳ ಹೆಸರು ಅನಸೂಯಾ. ಎಲ್ಲರ ಬಾಯಲ್ಲಿ ಅನಸಿ. ನಾನು ದೇವಿಕೊಪ್ಪದಿಂದ ಬಸ್ಸಿನಲ್ಲಿ ಕಲಘಟಗಿಯ ಹೈಸ್ಕೂಲಿಗೆ ಹೋಗುತ್ತಿದ್ದೆ, ಅವಳು ಕಲಘಟಗಿಯವಳೇ. ಎಂಟನೆಯ ತರಗತಿಯ ಮೂರನೆಯ ಬೆಂಚಿನಲ್ಲಿ ನಾವಿಬ್ಬರು. ಪ್ರಾರ್ಥನೆ ಮುಗಿಯುತ್ತಲೇ ಅವಳ ಮಾತು ಶುರು. ಪಕ್ಕದ ಮನೆಗೇ ಹೋಗಿ ಮೊಟ್ಟೆ ಇಡುವ ಅವರ ಕೋಳಿಯಿಂದ ಹೊರಟರೆ, ಎರಡೂ ಕೈಗೆ ಗಡಿಯಾರ ಕಟ್ಟುವ ಕಂಡಕ್ಟರನ ಮೇಲೆ ಹಾಯ್ದು, ಅಣ್ಣಿಗೇರಿಯ ಯಾವುದೋ ಮದುವೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದಲ್ಲಿಗೆ ಮುಟ್ಟುತ್ತಿತ್ತು. ಕುಂಟಾಟ ಆಡುವಾಗ ಒಂಟಿ ಕಾಲಿನ ಮೇಲೂ ಮಾತು. ನನ್ನ ಡಬ್ಬಿಯ ಶೇಂಗಾ ಹಿಂಡಿಯನ್ನು ಮಾತಿನ ನಡುವೆ ಅರ್ಧ ಖಾಲಿ ಮಾಡಿ, "ನಿಮ್ಮವ್ವ ಇದಕ್ಕ ಬಳ್ಳೊಳ್ಳಿ ಕಡಿಮಿ ಹಾಕ್ಯಾಳ ನೋಡ" ಎಂದು ತಪ್ಪು ಬೇರೆ ಹುಡುಕುತ್ತಿದ್ದಳು.

ಒಮ್ಮೆ ಗಣಿತದ ಸರ್ ಸೀಮೆಸುಣ್ಣ ಕೆಳಗಿಟ್ಟು ಕೇಳಿದರು: "ಅನಸೂಯಾ, ಊರಿಗೆಲ್ಲಾ ವಾರಕ್ಕೊಂದು ರವಿವಾರ ಐತಿ. ನಿನ್ನ ಬಾಯಿಗೆ ಇಲ್ಲೇನವಾ?"

ಅವಳು ಎದ್ದು ನಿಂತು ಬಹಳ ವಿನಯದಿಂದ ಹೇಳಿದಳು: "ಇಲ್ರಿ ಸರ್. ರವಿವಾರ ಮನ್ಯಾಗ ಮಾತಾಡೂದು ಭಾಳ ಇರ್ತೈತ್ರಿ."

ಇಡೀ ವರ್ಗ ನಕ್ಕಿತು. ನಾನು ನಗಲಿಲ್ಲ. ಸಿಟ್ಟು ನನಗೆ ಮೂಗಿನ ಮೇಲೇ ಇರುತ್ತಿತ್ತು. ಮೇಲಾಗಿ, ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಹುಡುಗಿ ಎಂದು ಮನೆಯಲ್ಲಿ ನನಗೊಂದು ಹೆಸರಿತ್ತು, ಅದರ ಜಂಬವೂ ಇತ್ತು.

ಆ ಹೆಸರಿನಿಂದಲೇ ನಾನು ಸಿಕ್ಕಿಬಿದ್ದೆ. ಅಪ್ಪನ ತಂಗಿ ಗಂಗತ್ತಿ ಹೆರಿಗೆಗೆಂದು ನಮ್ಮ ಮನೆಗೆ, ಅಂದರೆ ಅವಳ ತವರಿಗೆ ಬಂದಿದ್ದಳು. ಅದಕ್ಕೂ ಮುಂಚೆ ಎರಡು ಸಲ ಅವಳ ಬಸಿರು ನಿಂತಿರಲಿಲ್ಲ. ಮೊದಲನೆಯ ಸಲ ಆಸೆಯಿಂದ ತಾನೇ ಕೂಸಿಗೊಂದು ಕುಲಾಯಿ ಹೊಲಿದಿಟ್ಟಿದ್ದಳಂತೆ. ಆ ಪುಟ್ಟ ಟೊಪ್ಪಿಗೆ ಟ್ರಂಕಿನ ತಳ ಸೇರಿತು. ಈ ಸಲ ಅವಳು ಹಟ ಹಿಡಿದಿದ್ದಳು: ಕೂಸು ಹುಟ್ಟಿ ಅಳುವವರೆಗೆ ಅದರ ಹೆಸರಿನಲ್ಲಿ ಒಂದು ದಾರದ ಎಳೆಯೂ ಮನೆಯೊಳಗೆ ಬರಕೂಡದು, ಅದರ ಮಾತೂ ಆಡಕೂಡದು. ಬಸುರಿಯರಿಗೆ ಸೀರೆ ಉಡಿಸಿ ಉಡಿ ತುಂಬುವ ಕುಬಸವನ್ನೂ ಬೇಡವೆಂದುಬಿಟ್ಟಳು. ಕಬ್ಬಿನ ಗಾಣದಿಂದ ಬಿಸಿ ಬೆಲ್ಲ ಬಂದರೆ ತಿನ್ನುತ್ತಿದ್ದಳು, ಕರೆದರೆ ಓ ಎನ್ನುತ್ತಿದ್ದಳು, ಅಷ್ಟೇ. ದಿನವಿಡೀ ಪಡಸಾಲೆಯ ಕಂಬಕ್ಕೆ ಒರಗಿ ಅಂಗಳ ನೋಡುತ್ತಿದ್ದಳು.

ಆದರೆ ಮಗಳ ಮೊದಲ ಕೂಸಿಗೆ ತವರಿನಿಂದ ತೊಟ್ಟಿಲು ಹೋಗಬೇಕು, ಅದೂ ಕಲಘಟಗಿಯ ಬಣ್ಣದ ತೊಟ್ಟಿಲೇ ಆಗಬೇಕು ಎಂಬುದು ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ, ಹಟ. ಕಟ್ಟಿಗೆ ಕೊರೆದು, ಅರಗಿನ ಬಣ್ಣ ಏರಿಸಿ, ಚಿತ್ರ ಬರೆದು, ಮೆರುಗು ಕೊಡುವ ಹೊತ್ತಿಗೆ ತಿಂಗಳುಗಳೇ ಹೋಗುತ್ತವೆ. ಕೂಸು ಹುಟ್ಟಿದ ಮೇಲೆ ಹೇಳಿದರೆ ಹೆಸರಿಡುವ ದಿನಕ್ಕೆ ಬರೀ ಹಲಗೆ ಸಿಕ್ಕೀತು. ಆಯಿ ಸಂತೆಯ ನೆಪದಲ್ಲಿ ಕಲಘಟಗಿಗೆ ಹೋಗಿ, ಯಾರಿಗೂ ತಿಳಿಯದಂತೆ ತೊಟ್ಟಿಲಿಗೆ ಹೇಳಿ ಬಂದಳು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದು ತಲೆಯ ಮೇಲೆ ಕೈ ಇಡಿಸಿಕೊಂಡಳು.

"ನೋಡ ಗಿರಿಜಿ, ನನ್ನಾಣಿ ಐತಿ. ಕೆಲಸ ಎಲ್ಲಿಗೆ ಬಂತು ಅಂತ ನಡುನಡುವ ನೀ ಕೇಳ್ಕೊಂಡು ಬರಬೇಕು. ನಿಮ್ಮತ್ತಿಗೆ ಗೊತ್ತಾತಂದ್ರ ಮತ್ತ ಅಂಜಿ ಅನ್ನಾ ಬಿಡ್ತಾಳ."

ನಾನು ಆಣೆ ಮಾಡಿದೆ. ಆಮೇಲೆ ಕೇಳಿದೆ, ಯಾರಿಗೆ ಹೇಳಿ ಬಂದಿ ಎಂದು. ಆಯಿ ಒಬ್ಬ ಚಿತ್ರಗಾರನ ಹೆಸರು ಹೇಳಿದಳು. ಅವನು ಅನಸಿಯ ಅಪ್ಪ.

ಮರುದಿನದಿಂದ ನಾನು ಅನಸಿಯ ಮಾತಿಗೆ ಕಿವಿಗೊಡತೊಡಗಿದೆ. ಅಲ್ಲಿಯವರೆಗೆ ಅದು ಮಳೆಗಾಲದ ಕಪ್ಪೆಯ ಸದ್ದಿನಂತೆ ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತಿತ್ತು. ಈಗ ಒಂದೊಂದು ಅಕ್ಷರಕ್ಕೂ ಕಾವಲು ಕೂತೆ. ಅವಳಿಗೆ ಗೊತ್ತಿದೆಯೋ ಇಲ್ಲವೋ? ಗೊತ್ತಿದ್ದರೆ ಯಾರ ಮುಂದೆ ಹೇಳಿದ್ದಾಳೆ? ಕೇಳುತ್ತ ಕೇಳುತ್ತ ನನಗೇ ವಿಚಿತ್ರವೆನಿಸಿತು. ಅವಳು ಕಂಡದ್ದು ಎಷ್ಟೊಂದು! ಇರುವೆಗಳು ಎದುರಾದಾಗ ಒಂದಕ್ಕೊಂದು ಏನು ಹೇಳಿಕೊಳ್ಳುತ್ತವೆ ಎಂಬುದರಿಂದ ಹಿಡಿದು, ಗಣಿತದ ಸರ್ ಸೈಕಲ್ ಹತ್ತುವ ಮುಂಚೆ ಸೀಟಿಗೆ ಮೂರು ಸಲ ಹೊಡೆಯುವವರೆಗೆ. ನಾನೂ ಹೋಗಿ ಎಣಿಸಿದೆ. ಮೂರೇ.

ತೊಟ್ಟಿಲಿನ ಮಾತೂ ಬರುತ್ತಿತ್ತು. ಕೆಂಪು ಬಣ್ಣ ಬಿಸಿಗೆ ಹೇಗೆ ಕರಗುತ್ತದೆ, ಕಮಟು ವಾಸನೆಗೆ ಅವಳವ್ವ ಹೇಗೆ ಸೀನುತ್ತಾಳೆ, ಆನೆಯ ಸೊಂಡಿಲು ಬರೆಯುವಾಗ ಅಪ್ಪ ಹೇಗೆ ಉಸಿರು ಹಿಡಿಯುತ್ತಾನೆ, ಎಲ್ಲ. ಆದರೆ ಯಾವ ತೊಟ್ಟಿಲು ಯಾರದು ಎಂಬುದು ಮಾತ್ರ ಒಂದು ದಿನವೂ ಬರಲಿಲ್ಲ. ತಡೆಯಲಾರದೆ ಒಮ್ಮೆ ನಾನೇ ಕೇಳಿದೆ: "ನಿಮ್ಮಪ್ಪ ಈಗ ಯಾರ ತೊಟ್ಲಾ ಮಾಡಾಕತ್ತಾನಲೇ?"

ಅನಸಿ ಸುಮ್ಮನಾದಳು. ಎಂಟನೆಯ ತರಗತಿಯಲ್ಲಿ ಅದೇ ಮೊದಲು. "ಗಂಟಲಾ ಒಣಗೇತಿ, ನೀರ ಕುಡದು ಬರ್ತೇನಿ ತಡಿ" ಎಂದು ಎದ್ದು ಹೋದಳು. ತಿರುಗಿ ಬಂದಾಗ ಬಾಯಲ್ಲಿ ಮತ್ತೆ ಅದೇ ಕೋಳಿ.

ಕೆಲಸ ಎಲ್ಲಿಗೆ ಬಂತೆಂದು ಕೇಳಲು ಅವಳಿಲ್ಲದ ಹೊತ್ತು ನೋಡಿ ಅವರ ಮನೆಯ ಕಡೆ ಹೋಗುತ್ತಿದ್ದೆ. ಅವಳಪ್ಪ ಕುಂಚದಿಂದ ತಲೆಯೆತ್ತದೆ "ನಡದೈತಿ ಅಂತ ಹೇಳವಾ" ಎನ್ನುತ್ತಿದ್ದ. ಹಳೆಯ ಧೋತರ ಮುಚ್ಚಿದ ಆ ತೊಟ್ಟಿಲನ್ನು ನನಗೂ ತೋರಿಸಲಿಲ್ಲ.

ಹೀಗಿರುವಾಗ ಒಂದು ಶನಿವಾರ, ಮಧ್ಯಾಹ್ನಕ್ಕೆ ಶಾಲೆ ಬಿಟ್ಟಾಗ, ಅನಸಿ ತಾನಾಗಿಯೇ ಘೋಷಿಸಿದಳು: "ನಾನೂ ನಿಮ್ಮೂರಿಗೆ ಬರ್ತೇನಿ. ಬಿಸಿ ಬೆಲ್ಲಾ ತಿನ್ನೂಣು ನಡಿ. ಮನ್ಯಾಗ ಹೇಳಿ ಬಂದೇನಿ."

ಬೇಡವೆನ್ನಲು ಹತ್ತು ನೆಪ ಹೇಳಿದೆ. ನಾಯಿ ಕಚ್ಚುತ್ತದೆ ಎಂದೆ. ಆ ಮಾತಿಗೆ ಅವಳು ನಾಯಿಗಳ ಬಗ್ಗೆಯೇ ದೇವಿಕೊಪ್ಪ ಬರುವವರೆಗೆ ಮಾತಾಡಿದಳು.

ಪಡಸಾಲೆಯಲ್ಲಿ ಗಂಗತ್ತಿ ಅವರೆಕಾಯಿ ಸುಲಿಯುತ್ತಿದ್ದಳು. ಒಂಬತ್ತು ತಿಂಗಳು ತುಂಬಿತ್ತು. ಅನಸಿ ಅವಳೆದುರು ಕೂತು, ತಾನೂ ಕಾಯಿ ಸುಲಿಯುತ್ತ, ಕೋಳಿಯ ಕತೆ ಶುರು ಮಾಡಿದಳು. ನಾನು ಬೆಲ್ಲ ತಂದೆ, ನೀರು ತಂದೆ, ಗಾಣ ನೋಡೋಣ ಬಾ ಎಂದು ಜಗ್ಗಿದೆ. ಅವಳು ಏಳಲಿಲ್ಲ. ಕಂಡಕ್ಟರನ ಎರಡನೆಯ ಗಡಿಯಾರ ನಡೆಯುವುದೇ ಇಲ್ಲ, ಅದು ಅವನ ಮಾವ ಮದುವೆಯಲ್ಲಿ ಕೊಟ್ಟದ್ದು ಎಂದು ಅವಳು ಹೇಳಿದಾಗ ಗಂಗತ್ತಿ ಫಕ್ಕನೆ ನಕ್ಕಳು. ಆ ನಗು ಕೇಳಿ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಆಯಿ ಮೊರ ಹಿಡಿದೇ ತಿರುಗಿ ನೋಡಿದಳು. ಅತ್ತೆ ನಕ್ಕದ್ದನ್ನು ಕೇಳಿ ಎಷ್ಟು ದಿನವಾಗಿತ್ತೋ.

"ಮತ್ತ ಹೇಳ, ನಿಮ್ಮಪ್ಪ ಏನ್ ಮಾಡ್ತಾನ?" ಎಂದು ಗಂಗತ್ತಿ ಕೇಳಿದಳು.

"ನಮ್ಮಪ್ಪನ್ರಿ? ಅಂವಾ ಈಗ ಒಂದು..."

"ಬೇ ಅನಸೀ!" ಎಂದು ಕಿರುಚಿದೆ. "ತೊಟ್ಲದ ಸುದ್ದಿ ತಗೀಬ್ಯಾಡ! ಆಯಿ ಆಣಿ ಹಾಕ್ಯಾಳ!"

ಅನಸಿ ಬಾಯಿ ತೆರೆದಂತೆಯೇ ನನ್ನನ್ನು ನೋಡಿದಳು. ಅವಳು ಹೇಳಹೊರಟದ್ದು ಅವಳಪ್ಪ ತಂದ ಟಗರಿನ ಮರಿಯ ಸುದ್ದಿ ಎಂದು ನನಗೆ ಆಮೇಲೆ ತಿಳಿಯಿತು. ಗಂಗತ್ತಿಯ ಕೈ ಬುಟ್ಟಿಯಲ್ಲೇ ನಿಂತಿತು. ಆಯಿಯ ಮೊರದಿಂದ ಅಕ್ಕಿ ಚೆಲ್ಲಿತು. ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವ ಹುಡುಗಿ ನಾನು, ಭೂಮಿ ಬಾಯಿಬಿಟ್ಟರೆ ಸಾಕೆಂದು ನಿಂತಿದ್ದೆ.

ಆಗ ಅನಸಿ ಮಾತಾಡಿದಳು. ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ.

"ಅಯ್ಯ, ಅದನ್ರಿ ಅತ್ತಿ? ತಪ್ಪು ನಂದರಿ. ಅಣ್ಣಿಗೇರ್ಯಾಗ ನಮ್ಮ ದೊಡ್ಡವ್ವ ಅದಾಳ್ರಿ, ಆಕಿ ಸೊಸಿಗೆ ನಮ್ಮಪ್ಪ ತೊಟ್ಲಾ ಮಾಡಾಕತ್ತಾನ. ಬಸ್ಸಿನ್ಯಾಗೆಲ್ಲಾ ಅದನ್ನ ಬಡಬಡಿಸ್ಕೋತ ಬಂದೆ. ನಮ್ಮತ್ತಿ ಮುಂದ ಮಾತ್ರ ತೊಟ್ಲಾ ಅನ್ನಬ್ಯಾಡ, ನಮ್ಮಾಯಿ ಆಣಿ ಹಾಕ್ಯಾಳ ಅಂತ ಗಿರಿಜಿ ದಾರಿ ತುಂಬ ಹೇಳ್ಯಾಳ್ರಿ. ನನ್ನ ಬಾಯಿ ನಿಮಗ ಗೊತ್ತಿಲ್ಲ, ಆಕಿಗೆ ಗೊತ್ತೈತಿ, ಅದಕ್ಕ ಅಂಜ್ಯಾಳ. ನಮ್ಮ ದೊಡ್ಡವ್ವ ಹೆಂಗದಾಳ ಅಂದ್ರ..."

ಅಲ್ಲಿಂದ ದೊಡ್ಡವ್ವನ ಮೂಗಿನ ನತ್ತು, ಅವಳ ಎಮ್ಮೆ, ಸೊಸೆಯ ಜೊತೆ ಉಪ್ಪಿನಕಾಯಿಗಾಗಿ ನಡೆದ ಜಗಳ. ಉಸಿರು ತೆಗೆದುಕೊಳ್ಳಲೂ ನಿಲ್ಲಲಿಲ್ಲ. ಅವಳ ಹಣೆಯ ಮೇಲೆ ಬೆವರು ಮೂಡಿದ್ದನ್ನು ನಾನು ಕಂಡೆ. ಮಾತಾಡಿ ಬೆವರಿದ್ದನ್ನು ಅವಳಲ್ಲಿ ಅದೊಂದೇ ಸಲ ಕಂಡದ್ದು. ಗಂಗತ್ತಿಯ ಬೆರಳುಗಳು ನಿಧಾನಕ್ಕೆ ಮತ್ತೆ ಕಾಯಿ ಸುಲಿಯತೊಡಗಿದವು.

ಸಂಜೆ ಬಸ್ಸಿಗೆ ಹೊರಟಾಗ ಗಂಗತ್ತಿ ಬಾಗಿಲವರೆಗೆ ಬಂದು ಅನಸಿಯ ಕಿವಿಯಲ್ಲಿ ಏನೋ ಕೇಳಿದಳು. ಅನಸಿ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಒಂದೇ ಒಂದು ಶಬ್ದ ಹೇಳಿದಳು. ನನಗೆ ಕೇಳಿಸಲಿಲ್ಲ. ಏನೆಂದು ದಾರಿಯಲ್ಲಿ ಕಾಡಿದರೆ, "ತಲಿಗೆ ಎಣ್ಣಿ ಹಚ್ಚತಿಯಿಲ್ಲೋ ಅಂತ ಕೇಳಿದ್ರು, ಇಲ್ರಿ ಅಂದೆ" ಎಂದಳು. ನಾನು ನಂಬಲಿಲ್ಲ. ಆ ಒಂದು ಶಬ್ದ ವಾರಗಟ್ಟಲೆ ನನ್ನ ತಲೆ ತಿಂದಿತು.

ಗಂಗತ್ತಿಗೆ ಹೆಣ್ಣು ಹುಟ್ಟಿತು. ಇಡೀ ಓಣಿಗೆ ಕೇಳುವಂತೆ ಅತ್ತಿತು. ಹೆಸರಿಡುವ ದಿನ ಟೆಂಪೋದಲ್ಲಿ ತೊಟ್ಟಿಲು ಬಂದಿಳಿಯಿತು. ಧೋತರ ಸರಿಸಿದರೆ ಕೆಂಪು, ಹಸಿರು, ಹಳದಿ, ತಲೆಯ ಕಡೆ ಹಲಗೆಯ ತುಂಬ ಒಂದು ನವಿಲು. ಎಲ್ಲರೂ ಗಂಗತ್ತಿಯ ಮುಖ ನೋಡುತ್ತಿದ್ದರು. ಅವಳು ನೆಟ್ಟಗೆ ಹೋಗಿ ಆ ನವಿಲಿನ ಮೇಲೆ ಕೈಯಾಡಿಸಿ, "ಇದ ಏನು ಅದು" ಎಂದಳು. ಅದನ್ನೇ ಕಾಯುತ್ತಿದ್ದವಳ ದನಿ.

ಕೂಸು ಮಲಗಿದ ಮೇಲೆ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದಳು: "ಅವತ್ತ ನೀ ಒದರಿದಾಗ ನನಗೆಲ್ಲಾ ತಿಳದಿತ್ತು. ಜೀವಾ ಹಾರಿತ್ತಬೇ. ಆದ್ರ ಪರರ ಮನಿ ಹುಡುಗಿ, ನಾ ಅಂಜಬಾರದಂತ ಎಷ್ಟು ಸುಳ್ಳು ಹೇಳಿದ್ಲು! ಬಾಗಲದಾಗ ಕೇಳಿದೆ, ನಮ್ಮ ತೊಟ್ಲದಾಗ ಚಿತ್ರ ಏನೈತಿ ಅಂತ. ನವಿಲು ಅಂದ್ಲು. ಆಮ್ಯಾಲೆ ದಿನಾ ಕುಂತ್ರ ನವಿಲು, ನಿಂತ್ರ ನವಿಲು. ಹೆಂಗಿದ್ದೀತು, ಗರಿ ಬಿಚ್ಚೇತೋ ಇಲ್ಲೋ ಅಂತ. ಅಂಜೂದು ಮರತ ಹೋತು."

ಮರುದಿನ ಬೆಂಚಿನಲ್ಲಿ ಅನಸಿಯನ್ನು ಹಿಡಿದೆ. ಯಾವಾಗಿನಿಂದ ಗೊತ್ತಿತ್ತು ನಿನಗೆ?

"ನಿಮ್ಮಾಯಿ ಬಂದ ದಿನಾನ. ನಾನ ಚಾ ಕೊಟ್ಟೇನಿ."

"ಮತ್ತ ನನ್ನ ಮುಂದೂ ಅನ್ನಲಿಲ್ಲ?"

"ತೊಟ್ಲದಾಗ ಕೂಸು ಮಲಗೂತನ ಅದು ಯಾರದಂತ ನಮ್ಮ ಮನ್ಯಾಗ ಹೇಳೂದಿಲ್ಲಬೇ" ಎಂದಳು. "ಅದು ನನ್ನ ಸುದ್ದಿ ಅಲ್ಲಲ್ಲ." ಆಮೇಲೆ ಟಗರಿನ ಮರಿಯ ಸುದ್ದಿ ತೆಗೆದಳು. ಅದು ಮೂರು ದಿನ ನಡೆಯಿತು.

ಈಗ ನಾನು ಹುಬ್ಬಳ್ಳಿಯ ಒಂದು ಶಾಲೆಯಲ್ಲಿ ಕಲಿಸುತ್ತೇನೆ. ಮಾತಾಡುವ ಮಕ್ಕಳನ್ನು ಗದರಿಸಲು ಬಾಯಿ ಬರುವುದಿಲ್ಲ. ಕಬ್ಬು ಈಗ ನೇರ ಕಾರ್ಖಾನೆಗೆ ಹೋಗುತ್ತದೆ, ನಮ್ಮೂರಿನ ಗಾಣ ಇಲ್ಲ. ಬಸ್ಸಿನಲ್ಲಿ ಎಲ್ಲರ ಕಿವಿಗೂ ಒಂದೊಂದು ವಾಯರು. ಹೋದ ವರ್ಷ ಕಲಘಟಗಿ ಬಸ್‌ಸ್ಟ್ಯಾಂಡಿನಲ್ಲಿ ಅನಸಿ ಸಿಕ್ಕಳು. ಕುಂದಗೋಳ ತಾಲೂಕಿನ ಕುಬಿಹಾಳಕ್ಕೆ ಕೊಟ್ಟಿದ್ದಾರೆ, ತವರಿಗೆ ಬಂದು ಹೊರಟಿದ್ದಳು. ನಾನೇ ಒಂದೇ ಸಮನೆ ಮಾತಾಡಿದೆ. ಗಂಗತ್ತಿಯ ಮಗಳು ಕಾಲೇಜು ಮುಗಿಸಿದ್ದು, ತೊಟ್ಟಿಲನ್ನು ಇನ್ನೂ ಬಣ್ಣ ಮಾಸದಂತೆ ಇಟ್ಟದ್ದು. ಅವಳು ಹೌದಾ, ಚೊಲೊ ಆತು, ಎಂದು ಕೇಳುತ್ತ ಕೂತಿದ್ದಳು.

"ನೀ ಏನರೆ ಮಾತಾಡಲೇ" ಎಂದೆ. "ನಿನ್ನ ಬಾಯಿಗೆ ರವಿವಾರ ಬಂತೇನ?"

ಅವಳು ನಕ್ಕಳು. "ಮಾತಾಡಾಕ ಕೇಳೋರು ಬೇಕಲ್ಲಬೇ. ಸಾಲ್ಯಾಗ ಎಲ್ಲಾರೂ ನನಗ ಬೈತಿದ್ರು. ನೀ ಒಬ್ಬಾಕಿ ಬಾಯಿ ತಕ್ಕೊಂಡು ಕೇಳತಿದ್ದಿ, ಒಂದೂ ಮಾತು ಬಿಡದ. ಅಷ್ಟು ಚೊಲೊ ಮತ್ತ ಯಾರೂ ಕೇಳಲಿಲ್ಲ ನೋಡ."

ಕುಂದಗೋಳದ ಕಡೆಯ ಬಸ್ಸು ಬಂತು. ಅವಳು ಚೀಲ ಎತ್ತಿಕೊಂಡು ಹತ್ತಿದಳು, ಕಿಟಕಿಯಿಂದ ಕೈಬೀಸಿದಳು. ನಾನು ಆಗ ಯಾಕೆ ಅಷ್ಟು ಕಿವಿಗೊಟ್ಟು ಕೇಳುತ್ತಿದ್ದೆ ಎಂಬುದನ್ನು ಅವಳಿಗೆ ಹೇಳಲಿಲ್ಲ. ಆ ಒಂದು ಮಾತನ್ನಾದರೂ ನನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ.